ಇಂಗ್ಲಿಷ್ ಕಥೆಗಾರನ ನಾಲ್ಕೂರ ಸಂಸಾರ

ಇಂಗ್ಲಿಷಿನಲ್ಲಿ ಕಥೆ ಬರೆಯೋ ಗಂಡನ್ನ ಕಟ್ಟಿಕೊಂಡೋಳ ಮನೇಲಿ ನಗೋ ಪ್ರಸಂಗಕ್ಕೆ ಬರ ಅನ್ನೋದೇ ಇರಲ್ಲ. ಊರು ಬಿಟ್ಟು ಊರಿಗೆ ಹೋದರೂ ಅವು ನಮ್ಮ ಸಾಮಾನಿನ ಗಾಡಿ ಹಿಂದೇನೇ ಬರ್ತಿದ್ದವು.

ನಮ್ಮ ಮನೆಯವರು ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ವರ್ಗದ ಮೇಲೆ ವರ್ಗ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಕಡೆಗೆ ಜಗಳೂರು. ಎಲ್ಲಿಗೆ ಹೋದರೂ ನಾವು ಮೂರೇ ಜನ: ಇವರು, ನಾನು, ನಮ್ಮತ್ತೆ. ನಾನು ಕನ್ನಡ ನಾಲ್ಕನೇ ಕ್ಲಾಸು ಓದಿದೋಳು. ಅತ್ತೆಗೆ ಅಕ್ಷರ ಇಲ್ಲ, ಆದರೆ ಬಾಯಿ ಇತ್ತು.

ಅದು ಮೂವತ್ತರ ದಶಕ. ನಮ್ಮ ದೇಶದವರು ಇಂಗ್ಲಿಷಿನಲ್ಲಿ ಕಥೆ, ಕಾದಂಬರಿ ಬರೆಯೋದು ಆಗಿನ್ನೂ ಚಿಗುರ್ತಾ ಇತ್ತು. ಇವರು ಎಲೆ ಮುಂದೆ ಕೂತು ನಮಗೆ ಪಾಠ ಹೇಳೋರು. "ನಮ್ಮೋರು ಇಂಗ್ಲಿಷಲ್ಲಿ ಮೊದಲು ಬರೆದದ್ದು ಅರ್ಜಿ. ಆಮೇಲೆ ಬಂಗಾಳದ ಕಡೆ ಪದ್ಯ ಬರೆದ್ರು. ಆಮೇಲೆ ಊರೂರಲ್ಲಿ ಭಾಷಣ. ಈಗ ಕಥೆ ಕಾಲ ಬಂದೈತೆ. ಮದ್ರಾಸಲ್ಲಿ ಬರೀತಾರೆ, ಲಾಹೋರಲ್ಲಿ ಬರೀತಾರೆ. ನಾನು ಇಲ್ಲಿ ಬರೀತೀನಿ."

ಬರೀಲಿ ಮಹರಾಯರು, ಯಾರು ಬೇಡ ಅಂದ್ರು? ನನ್ನ ತಕರಾರು ಒಂದೇ. ಮನೇಲಿ ಕೂತು ದಿನಾ ಏನೋ ಬರೀತಾರೆ, ಕಟ್ಟಿಕೊಂಡ ಹೆಂಡತಿಗೆ ಏನು ಬರೆದ್ರು ಅಂತ ಗೊತ್ತಿಲ್ಲ ಅಂದ್ರೆ ಹೊಟ್ಟೆ ಉರಿಯೋದಿಲ್ವಾ?

ಚನ್ನಗಿರಿಯಲ್ಲಿ ಹಿಮ

ಮದುವೆಯಾದ ಹೊಸತು. ಆಗ ಇವರದು ಬರೀ ಪದ್ಯ. ಅದೂ ಎಂಥದ್ದು, ಪುಸ್ತಕದಲ್ಲಿ ಓದಿದ ದೊರೆಗಳ ಊರಿನ ಹೂವು, ಹಕ್ಕಿ, ಹಿಮ. ಒಂದಿನ ಅತ್ತೆ ಕೇಳಿದರು.

"ಹಿಮ ಅಂದ್ರೆ ಏನೋ?"

"ಆಕಾಶದಿಂದ ಬೆಳ್ಳಗೆ ಬೀಳ್ತೈತೆ ಕಣವ್ವ. ಹಿಂಜಿದ ಹತ್ತಿಯಂಗೆ."

"ನೀನು ನೋಡಿದೀಯಾ?"

"ಇಲ್ಲ."

"ನಿಮ್ಮಪ್ಪ ನೋಡಿದ್ರಾ?"

"ಇಲ್ಲ."

"ವಂಶದಾಗೆ ಯಾರೂ ನೋಡದ್ದನ್ನ ಬರೆದು ಸುಳ್ಳುಗಾರ ಅಂತ ಯಾಕೆ ಅನ್ನಿಸ್ಕಂತೀಯಪ್ಪಾ?"

ನೋಡಿದ್ದನ್ನೇ ಬರೆಯೋಣ ಅಂತ ಇವರು ಆಮೇಲೆ ನನ್ನ ಮೇಲೆ ಒಂದು ಪದ್ಯ ಬರೆದರು. ಉರಿ ಬೇಸಿಗೆ, ಮಟಮಟ ಮಧ್ಯಾಹ್ನ. ಅತ್ತೆ ಮುಖದ ಮೇಲೆ ಸೆರಗು ಹಾಕ್ಕೊಂಡು ನಡುಮನೇಲಿ ಮಲಗಿದ್ದರು. ನಾನು ಒಲೆ ಮುಂದಿಂದ ಎದ್ದು ಬಂದು ಕತ್ತಿನ ಬೆವರು ಒರೆಸಿಕೊಳ್ತಾ ಇದ್ದೆ. ಇವರು ಮೆಲ್ಲಗೆ ಹತ್ತಿರ ಬಂದು, ಪದ್ಯಾನ ಕನ್ನಡಕ್ಕೆ ತಿರುಗಿಸಿ ಪಿಸುಗುಟ್ಟಿದರು.

"ನಿನ್ನ ನಗು ನಡುಹಗಲ ಬಿಸಿಲಿನಂಗೆ ಐತೆ."

"ಏನಂದ್ರಿ?"

"ದೊರೆಗಳದು ಚಳಿ ದೇಶ ಕಣೇ. ಅವ್ರಿಗೆ ಬಿಸಿಲು ಬಿದ್ರೆ ಹಬ್ಬ. ಹೊಗಳಿಕೆ ಅದು."

"ಹಂಗಾದ್ರೆ ಆ ಚಳಿ ದೇಶದೋಳನ್ನೇ ಕಟ್ಕಬೇಕಾಗಿತ್ತು. ನಾನು ನಕ್ರೆ ನಿಮ್ಗೆ ಮೈ ಉರೀತದೆ ಅಂತ ನೆಟ್ಟಗೆ ಹೇಳ್ರಿ."

ಸೆರಗಿನ ಅಡಿಯಿಂದ ಅತ್ತೆ ದನಿ ಬಂತು: "ಇಷ್ಟು ದಿನದಾಗೆ ಇದೊಂದು ಮಾತು ಖರೇ ಬರ್ದೀಯ ಬಿಡಪ್ಪಾ."

ಯಾರ ಮೇಲೆ ಬರೀತಿದೀರಿ?

ಆ ಬಿಸಿಲಿನ ಪದ್ಯ ಆದ ಮೇಲೆ ಇವರು ಒಂದು ಆಣೆ ಹಾಕಿಕೊಂಡರು. ಬರೆದದ್ದನ್ನ ಇನ್ನು ಮನೇಲಿ ಕನ್ನಡಕ್ಕೆ ತಿರುಗಿಸಿ ಹೇಳೋದಿಲ್ಲ ಅಂತ. ನಾನು ಮುನಿಸಿಕೊಂಡಿದ್ದೇನೋ ನಿಜ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ನನ್ನ ಮುನಿಸು ಉಣ್ಣೋಕೆ ಮೊದಲೇ ಮುಗಿದಿತ್ತು. ಇವರ ಆಣೆ ಮಾತ್ರ ಮುಗೀಲಿಲ್ಲ. ಏನು ಬರೆದ್ರಿ ಅಂತ ಕೇಳಿದ್ರೆ "ಏನಿಲ್ಲ ಬಿಡು" ಅನ್ನೋರು.

ಹೊನ್ನಾಳಿಗೆ ಬಂದ ಮೇಲೆ ಪದ್ಯ ಬಿಟ್ಟು ಕಥೆ ಹಿಡಿದರು. ನಮ್ಮದು ಒಬ್ಬ ಅಡಿಕೆ ಸಾಹುಕಾರರ ಬಾಡಿಗೆ ಮನೆ. ಹಂಚು ಒಡೆದು ಮಳೆಗಾಲದಲ್ಲಿ ಒಳಗೇ ಹೊಳೆ ಹರೀತಿತ್ತು. ಎಷ್ಟು ಸಲ ಹೇಳಿ ಕಳಿಸಿದರೂ ಸಾಹುಕಾರರು "ನೋಡಾನ ತಗಳ್ರಿ" ಅನ್ನೋರು. ಒಂದು ದಿನ ಅವರು ಬೀದೀಲಿ ಹೋಗ್ತಾ, ಇವರು ಜಗಲಿ ಮೇಲೆ ಕೂತು ಬರೆಯೋದನ್ನ ನೋಡಿದರು.

"ಏನು ಮೇಷ್ಟ್ರೇ, ಇಂಗ್ಲಿಷಾ?"

"ಹೌದು ಸಾಹುಕಾರ್ರೇ."

"ಯಾರ ಮೇಲೆ ಬರೀತಿದೀರಿ?"

ಇವರು ತಲೆ ಎತ್ತದೆ ಹೇಳಿದರು. "ಒಬ್ಬ ಸಾಹುಕಾರನ ಮೇಲೆ."

"ಬರೆದು?"

"ಮದ್ರಾಸಿಗೆ ಕಳಿಸ್ತೀನಿ."

ನಮ್ಮ ಕಡೆ ಒಬ್ಬರ ಮೇಲೆ ಬರೆಯೋದು ಅಂದ್ರೆ ದೂರು ಬರೆಯೋದು. ಅದೂ ಇಂಗ್ಲಿಷಿನಲ್ಲಿ, ಅದೂ ಮದ್ರಾಸಿಗೆ! ಮರುದಿನ ಬೆಳಕು ಹರಿಯೋಕೆ ಮುಂಚೆ ಆಳುಗಳು ಸೂರಿನ ಮೇಲೆ. ಹೊಸ ಹಂಚು ಬಂತು. ಹಿತ್ತಲ ಬಾಗಿಲಿಗೆ ಅಗುಳಿ ಬಂತು. ಸಾಹುಕಾರರೇ ಒಂದು ಬಾಳೆಗೊನೆ ಹೊರಿಸಿಕೊಂಡು ಬಂದು, "ಮೇಷ್ಟ್ರೇ, ಆ ಸಾಹುಕಾರ ಆಮೇಲೆ ಒಳ್ಳೇನಾದ ಅಂತ ಬರೀರಿ" ಅಂತ ಕೈ ಮುಗಿದರು.

"ಅದು ಕಥೆ ಸಾಹುಕಾರ್ರೇ, ಸುಮ್ನೆ ಕಟ್ಟಿದ್ದು" ಅಂತ ಇವರು ಎಷ್ಟು ಹೇಳಿದರೂ ಯಾರು ನಂಬಬೇಕು? ಸುದ್ದಿ ಊರೆಲ್ಲ ಹಬ್ಬಿತು. ಬೀದಿ ಕೊನೆ ಮನೆಯವರು ಬಂದು ಗುಟ್ಟಾಗಿ, "ನನ್ನ ಅಣ್ಣನ ಮೇಲೂ ಒಂದು ಕಥೆ ಬರೆದುಕೊಡ್ರಿ. ಬೇಲಿ ಒತ್ತಿದಾನೆ" ಅಂದರು.

ಕಥೆ ಮಾತ್ರ ಮದ್ರಾಸಿನ ಪತ್ರಿಕೆಯಿಂದ ತಿರುಗಿ ಬಂತು. ಇವರ ಮುಖ ಬಾಡಿಹೋಯ್ತು. ನೋಡೋಕಾಗದೆ ನಾನು ಮಂಡಕ್ಕಿ ಒಗ್ಗರಣೆ ಹಾಕಿ, ಮೆಣಸಿನಕಾಯಿ ಬಜ್ಜಿ ಕರಿದು ಮುಂದಿಟ್ಟೆ. "ಹೋಗ್ಲಿ ಬಿಡ್ರಿ. ಕಥೆ ವಾಪಸ್ ಬಂತು. ಹಂಚೇನು ವಾಪಸ್ ಹೋಗಲಿಲ್ಲವಲ್ಲ" ಅಂದೆ.

ಹೆಡ್‌ಮೇಷ್ಟ್ರು ಹೊರಟದ್ದು

ನ್ಯಾಮತಿಗೆ ಬರೋ ಹೊತ್ತಿಗೆ ದೊಡ್ಡ ಯುದ್ಧ ನಡೀತಿತ್ತು. ಇಂಗ್ಲಿಷರೇ ತೊಲಗಿ ಅಂತ ಊರೂರಲ್ಲೂ ಕೂಗು. ಇವರಿಗೆ ಇಂಗ್ಲಿಷರು ತೊಲಗಬೇಕು, ಇಂಗ್ಲಿಷ್ ಉಳೀಬೇಕು. ಹಳ್ಳಿ ಜನರ ಕಥೆ ಬರೆಯೋಕೆ ಶುರು ಮಾಡಿದ್ದರು. ಅಲ್ಲಿ ಶುರುವಾಯ್ತು ನೋಡಿ ಪೇಚಾಟ. ನಮ್ಮ ಜನ ಆಡೋ ಮಾತನ್ನ ಇಂಗ್ಲಿಷಿಗೆ ಹೆಂಗೆ ಹಾಕೋದು? ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲೋರು.

"ಮನೆ ಬಿಟ್ಟು ಹೊರಡುವಾಗ ಏನಂತಾರೆ?"

"ಹೋಗಿ ಬರ್ತೀನಿ ಅಂತಾರೆ."

"ಬರೇ ಹೋಗ್ತೀನಿ ಅಂದ್ರೆ?"

"ಬಿಡ್ತು ಅನ್ರಿ! ಬಾಯಾಗೆ ಎಂಥ ಮಾತು!"

ಮಾತು ನನ್ನ ಹತ್ತಿರ ಇಸ್ಕೊಳ್ಳೋರು, ಕಥೆ ಮಾತ್ರ ಹೇಳೋರಲ್ಲ. ಅರೆದು ಕೊಟ್ಟೋಳಿಗೇ ಸಾರು ಬಡಿಸದಂಗೆ. ಕೋಪ ಬರ್ತಿತ್ತು.

ಅಲ್ಲಿನ ಹೆಡ್‌ಮೇಷ್ಟ್ರು ಕಚ್ಚೆಪಂಚೆ ಮೇಲೆ ಟೈ ಕಟ್ಟೋರು. ಇಂಗ್ಲಿಷ್ ಅಂದ್ರೆ ಅವರಿಗೆ ಮಡಿಬಟ್ಟೆ. ಒಂದಿನ ನಮ್ಮ ಮನೆಗೆ ಊಟಕ್ಕೆ ಬಂದವರು ಕಥೆ ಕೈಗೆ ತಗೊಂಡು ಹುಬ್ಬು ಗಂಟು ಹಾಕಿದರು.

"ಇದೇನ್ರಿ, 'ಐ ವಿಲ್ ಗೋ ಅಂಡ್ ಕಮ್' ಅಂತ? ಒಂದೋ ಹೋಗಬೇಕು, ಇಲ್ಲಾ ಬರಬೇಕು. ಎರಡೂ ಒಟ್ಟಿಗೆ ಮಾಡಾಕೆ ಇವನೇನು ಬಾವಿ ಹಗ್ಗಾನಾ? ಹೊಡೆದು ಹಾಕ್ರಿ."

ಇವರು ಕಥೆ ಮಡಿಸಿ ಪಕ್ಕಕ್ಕಿಟ್ಟರು. ಹೋಳಿಗೆ ಊಟ ಆಯ್ತು, ಎಲೆಅಡಿಕೆ ಆಯ್ತು. ಹೆಡ್‌ಮೇಷ್ಟ್ರು ಹೊಸಿಲ ಹತ್ತಿರ ಬಂದಾಗ ಇವರು ಭಾರಿ ವಿನಯದಿಂದ, "ಸಾರ್, ನಮ್ಮವ್ವಗೆ ಇಂಗ್ಲಿಷಲ್ಲೇ ಹೇಳಿ ಹೊರಡ್ರಿ. ಸರಿಯಾದ ಇಂಗ್ಲಿಷು ಹೆಂಗಿರ್ತೈತೆ ಅಂತ ಕೇಳಲಿ" ಅಂದರು.

ಅವರು ಟೈ ಸರಿ ಮಾಡಿಕೊಂಡು, "ಐ ಆಮ್ ಗೋಯಿಂಗ್" ಅಂದರು.

"ಏನಂದ್ರೋ?" ಅತ್ತೆ ಮಗನ್ನ ಕೇಳಿದರು.

"ಹೋಗ್ತೀನಿ ಅಂದ್ರು."

"ಅಯ್ಯಯ್ಯೋ, ಬಿಡ್ತು ಅನ್ರಿ! ದೀಪ ಹಚ್ಚೋ ಹೊತ್ನಾಗೆ ಎಂಥ ಮಾತು! ಬರ್ರಿ ಒಳಗೆ, ಕುಂತ್ಕಂಡು ಎರಡು ಗುಟುಕು ನೀರು ಕುಡೀರಿ." ಕೈ ಹಿಡಿದು ಎಳೆಯೋದೊಂದು ಬಾಕಿ. ಹೆಡ್‌ಮೇಷ್ಟ್ರು ಒಳಗೆ ಬಂದರು, ಕೂತರು, ಕುಡಿದರು, ಎದ್ದರು. ಈ ಸಲ ಹುಷಾರಾಗಿ "ಗುಡ್ ಬೈ" ಅಂದರು.

ಅತ್ತೆ ಮುಖ ಕೆಂಪಾಯ್ತು. "ಬೈ? ಯಾಕೆ ಬೈಬೇಕು? ಉಂಡ ಮನೇಲಿ ಬೈತಾರೇನ್ರಿ ಯಾರಾದ್ರೂ? ಹೋಳಿಗೆಗೆ ಉಪ್ಪು ಹಾಕಿದ್ವಾ?"

ಮತ್ತೆ ಕೂತರು, ಮತ್ತೆ ನೀರು. ಇವರು ಗೋಡೆ ಕಡೆ ತಿರುಗಿಕೊಂಡು ನಿಂತಿದ್ದರು, ಭುಜ ಮಾತ್ರ ಕುಣೀತಿತ್ತು. ಹೆಡ್‌ಮೇಷ್ಟ್ರು ಕಡೆಗೆ ತಲೆ ತಗ್ಗಿಸಿ, ತೀರಾ ಸಣ್ಣ ದನೀಲಿ, "ಐ ವಿಲ್ ಗೋ ಅಂಡ್ ಕಮ್, ಅವ್ವಾ" ಅಂದರು. ಇವರು ಅದರ ಅರ್ಥ ಹೇಳಿದರು. ಅತ್ತೆ "ಹೂಂ, ಹೋಗಿ ಬರ್ರಿ. ಸುಖವಾಗಿ ಬರ್ರಿ" ಅಂತ ಬಾಗಿಲವರೆಗೂ ಹೋಗಿ ಕಳಿಸಿಕೊಟ್ಟರು.

ಅವರು ಬೀದಿ ತಿರುಗಿದ ಮೇಲೆ ಅತ್ತೆ ಕೇಳಿದರು. "ಹಂಗಾದ್ರೆ ಇಂಗ್ಲಿಷರಾಗೆ ಹೋಗಿ ಬರ್ತೀನಿ ಅನ್ನೋ ಮಾತೇ ಇಲ್ವೇನೋ?"

"ಇಲ್ಲ ಕಣವ್ವ."

"ಸದ್ಯ! ಒಂದ್ಸಲ ಹೋದ್ರೆ ತಿರುಗಿ ಬರಂಗಿಲ್ಲ ಅಂತಾಯ್ತು."

ನೀರು ಕೊಟ್ಟಿದ್ದಕ್ಕೆ

ಇದು ಚಿಕ್ಕದು. ಜಗಳೂರಿಗೆ ಬಂದ ಹೊಸತರಲ್ಲಿ ಇನ್ನೊಂದು ಕಥೆ ವಾಪಸ್ ಬಂತು. ಜೊತೆಗೆ ಒಂದು ಬುದ್ಧಿಮಾತು: ನಿಮ್ಮ ಕಥೇಲಿ ಗಂಡ ಹೆಂಡತಿಗೆ ಒಂದು ಸಲಾನೂ ಥ್ಯಾಂಕ್ಸ್ ಹೇಳೋದಿಲ್ಲ, ಓದೋರಿಗೆ ಅವನು ಒರಟ ಅನ್ನಿಸ್ತಾನೆ ಅಂತ. ಇವರಿಗೆ ಅದು ಮನಸ್ಸಿಗೆ ಹತ್ತಿಬಿಡ್ತು. ಸಂಜೆ ಶಾಲೆಯಿಂದ ಬಂದರು, ನಾನು ಚೊಂಬು ನೀರು ಕೊಟ್ಟೆ. ಇವರು ಕುಡಿದು, ನನ್ನ ಮುಖ ನೋಡಿ, "ವಂದನೆಗಳು" ಅಂದರು.

ನಾನು ಹೌಹಾರಿ ಕೂಗಿದೆ. "ಅತ್ತೇ, ಇಲ್ಲಿ ಬರ್ರಿ ಬೇಗ!"

ಅತ್ತೆ ಬಂದು ಹಣೆ ಮುಟ್ಟಿ ನೋಡಿದರು, ಕತ್ತು ಮುಟ್ಟಿ ನೋಡಿದರು. "ಜ್ವರ ಇಲ್ಲ. ಯಾರದೋ ಕಣ್ಣು ಬಿದ್ದೈತೆ" ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ಮೂರೂ ಜನ ಕೆಮ್ಮಿ ಕೆಮ್ಮಿ ಸಾಕಾಯ್ತು. ಕೆಮ್ಮು ನಿಂತ ಮೇಲೆ ಅತ್ತೆ "ಈಗ ಹೆಂಗಿದೀಯಪ್ಪಾ?" ಅಂತ ಕೇಳಿದರೆ, ಇವರು ಗಟ್ಟಿಯಾಗಿ, "ಏ, ಇನ್ನೊಂದು ಚೊಂಬು ನೀರು ತಾರೇ!" ಅಂದರು. ಅತ್ತೆ ನಿಟ್ಟುಸಿರು ಬಿಟ್ಟರು. "ಇಳೀತು ನೋಡು."

ತಂತಿ

ಅದಾದ ಮೇಲೆ ಇವರು ಬರೆಯೋ ರೀತಿಯೇ ಬದಲಾಯ್ತು. ಮದ್ರಾಸಿನವರು ಏನಂತಾರೆ, ಹೆಡ್‌ಮೇಷ್ಟ್ರು ಏನಂತಾರೆ ಅಂತ ನೋಡೋದು ಬಿಟ್ಟರು. ನಡುಮನೇಲಿ ಕೂತು ಒಂದು ಸಾಲು ಬರೆಯೋರು, ಅಡುಗೆಮನೆ ಕಡೆ ನೋಡೋರು, ಮತ್ತೆ ಬರೆಯೋರು. ನನಗೆ ಕಸಿವಿಸಿ. ನನ್ನ ಮೇಲೇನಾದ್ರೂ ಬರೀತಿದಾರಾ? ಸಾರು ಕೆಟ್ಟಿದ್ದು, ನಾನು ಮೂತಿ ಉಬ್ಬಿಸಿದ್ದು, ಎಲ್ಲ ಮದ್ರಾಸಿನವರೆಗೆ ಹೋಗ್ತದಾ?

"ಏನ್ರೀ ಅದು?"

"ಏನಿಲ್ಲ ಬಿಡು. ಇದೇ ಕಡೇದು. ಇದೂ ವಾಪಸ್ ಬಂದ್ರೆ ಇನ್ನು ಬರೆಯಲ್ಲ."

ಆ ಮಾತು ಹೇಳುವಾಗ ಇವರ ಮುಖ ನೋಡಿ ನನ್ನ ಕಸಿವಿಸಿ ಮರೆತುಹೋಯ್ತು. ಏನಾದ್ರೂ ಬರೆದಿರಲಿ, ನನ್ನನ್ನ ಬೈದೇ ಬರೆದಿರಲಿ, ಇದೊಂದು ಅಚ್ಚಾಗಲಿ ಅಂತ ಕೊಟ್ಟೂರು ಬಸವೇಶ್ವರನಿಗೆ ಹರಕೆ ಹೊತ್ತೆ. ಅಚ್ಚಾದ ಮೇಲೆ ಏನು ಬರೆದಿದಾರೆ ಅಂತ ಹೇಳಿಸೋದೂ ಸ್ವಾಮೀದೇ ಜವಾಬ್ದಾರಿ ಅಂತ ಸೇರಿಸಿದೆ.

ಆಮೇಲೆ ನಾನು ತವರಿಗೆ, ನಲ್ಲೂರಿಗೆ, ತಮ್ಮನ ಮಗೂನ ತೊಟ್ಟಿಲಿಗೆ ಹಾಕೋ ಶಾಸ್ತ್ರಕ್ಕೆ ಅಂತ ಹೋದೆ. ನಾನು ತಿರುಗಿ ಬರೋ ದಿನಾನೇ ಜಗಳೂರಿನ ಮನೆಗೆ ತಂತಿ ಬಂತು. ಆಗಿನ ಕಾಲಕ್ಕೆ ತಂತಿ ಅಂದ್ರೆ ಸಾವಿನ ಸುದ್ದಿ, ಬೇರೆ ಮಾತಿಲ್ಲ. ಇವರು ಪರೀಕ್ಷೆ ನಡೆಸೋಕೆ ಪಕ್ಕದ ಹಳ್ಳಿಗೆ ಹೋಗಿದ್ದರು. ಮನೇಲಿ ಅತ್ತೆ ಒಬ್ಬರೇ. ಎದುರು ಮನೆ ಬಸ್ ಏಜೆಂಟರನ್ನ ಕರೆದು ಓದಿಸಿದರು. ಏಜೆಂಟರ ಇಂಗ್ಲಿಷು ಬಸ್ಸಿನಲ್ಲಿ ಕಲಿತದ್ದು.

"ಮದ್ರಾಸಿಂದ ಬಂದೈತೆ. 'ನೀಲಮ್ಮ ಔಟ್ ಟುಡೇ.' ಟುಡೇ ಅಂದ್ರೆ ಇವತ್ತು."

ನೀಲಮ್ಮ ನಾನೇ. ಅತ್ತೆ ಗಾಬರಿಯಾದರು. "ನೀಲಮ್ಮ ನನ್ನ ಸೊಸೆ. ಔಟ್ ಅಂದ್ರೆ ಏನ್ರಿ?"

ಏಜೆಂಟರು ಪಂಚೆ ತುದಿ ಹಿಂಡಿಕೊಂಡರು. "ಲೈಟ್ ಔಟ್ ಅಂದ್ರೆ ದೀಪ ಆರ್ತು ಅಂತ, ಅವ್ವಾರೆ. ನೀಲಮ್ಮ ಔಟ್ ಅಂದ್ರೆ..." ಅಂದವರು ಮುಂದೆ ಹೇಳಲಾರದೆ ಅತ್ತುಬಿಟ್ಟರು.

"ನಲ್ಲೂರಿಗೆ ಹೋದೋಳು ಮದ್ರಾಸಿಗೆ ಹೆಂಗೆ ಹೋದ್ಳು?"

"ದೊಡ್ಡಾಸ್ಪತ್ರೆಗೆ ಒಯ್ದಿರಬೇಕು. ಇಲ್ಲಿ ಕೆಳಗೆ ಒಂದು ಉದ್ದನೇ ಪದ ಐತೆ. ಕಂಗ್ರಾ... ಕಂಗ್ರಾಜು... ಇಷ್ಟುದ್ದ ಪದ ಅಂದ್ರೆ ಸಂತಾಪದ್ದೇ ಇರಬೇಕು."

ಅಷ್ಟು ಸಾಕಾಯ್ತು. ಇವರನ್ನ ಕರೆಯೋಕೆ ಒಬ್ಬರು ಸೈಕಲ್ ಹತ್ತಿದರು. ಓಣಿ ಹೆಂಗಸರೆಲ್ಲ ಸೇರಿದರು.

ಇತ್ತ ನಾನು, ಯುದ್ಧದ ಕಾಲ ಅಂತ ಪೆಟ್ರೋಲಿಲ್ಲದೆ ಇದ್ದಿಲು ಉರಿಸಿ ಓಡಿಸೋ ಬಸ್ಸಿನಲ್ಲಿ, ಮೈಯೆಲ್ಲ ಮಸಿ ಮಾಡಿಕೊಂಡು ಇಳಿದೆ. ಓಣಿಗೆ ಬಂದರೆ ನಮ್ಮ ಮನೆ ಮುಂದೆ ಜನವೋ ಜನ. ಹಿಂದೆ ನಿಂತಿದ್ದ ಹೊಸಬರೊಬ್ಬರನ್ನ ಕೇಳಿದೆ.

"ಏನಾಗೈತೆ?"

"ಮೇಷ್ಟ್ರ ಹೆಂಡ್ತಿ ಲಿಂಗೈಕ್ಯ ಆದ್ರಂತೆ ಕಣವ್ವ."

"ಅಯ್ಯೋ ಪಾಪ! ಯಾವ ಮೇಷ್ಟ್ರು?"

"ಇಂಗ್ಲಿಷ್ ಮೇಷ್ಟ್ರು."

ಊರಿಗೆ ಇರೋರು ಒಬ್ಬರೇ ಇಂಗ್ಲಿಷ್ ಮೇಷ್ಟ್ರು. ನನಗೆ ಅಳಬೇಕೋ ಓಡಬೇಕೋ ತಿಳೀಲಿಲ್ಲ. ಅಷ್ಟರಲ್ಲಿ ಒಳಗಿಂದ ಅತ್ತೆ ಹಾಡಿಕೊಂಡು ಅಳೋದು ಕೇಳಿಸ್ತು.

"ರೊಟ್ಟಿ ತಟ್ಟಿದ್ರೆ ಹುಣ್ಣಿಮೆ ಚಂದ್ರ ಕಣವ್ವೋ... ಎದುರು ಮಾತು ಆಡಿದೋಳಲ್ಲ ಕಣವ್ವೋ... ನನ್ನ ಮನೆ ಬಂಗಾರ ಹೋಯ್ತಲ್ಲವ್ವೋ..."

ಹಿಂದಿನ ವಾರ ಇದೇ ಬಾಯಿ, ಇದೇ ರೊಟ್ಟೀನ ಎಮ್ಮೆಗೆ ಹಾಕು ಅಂದಿತ್ತು! ನನ್ನ ಕಣ್ಣಲ್ಲಿ ನೀರು ಬಂತು. ನಿಜ ಹೇಳ್ತೀನಿ, ತಕ್ಷಣ ಒಳಗೆ ಹೋಗೋಕೆ ಮನಸ್ಸಾಗಲಿಲ್ಲ. ಇನ್ನೊಂದು ನಾಲ್ಕು ಮಾತು ಕೇಳೋಣ ಅನ್ನಿಸ್ತು. ಆದರೆ ಪಕ್ಕದ ಮನೆಯಾಕೆ ಹಿಂದೆ ತಿರುಗಿ, ಮಸಿ ಮೆತ್ತಿದ ನನ್ನ ಮುಖ ನೋಡಿ "ದೆವ್ವ!" ಅಂತ ಕಿರುಚಿದಳು. ಅತ್ತೆ ಓಡಿ ಬಂದು ನನ್ನ ಕೆನ್ನೆ, ಕೈ, ಕಾಲು ಎಲ್ಲ ಮುಟ್ಟಿ ನೋಡಿ, ಗಟ್ಟಿಯಾಗಿ ಅಪ್ಪಿಕೊಂಡರು. ಆಮೇಲೆ ಬೆನ್ನಿಗೊಂದು ಗುದ್ದು. "ಬದುಕಿರೋಳು ಮೊದ್ಲೇ ಬರಾಕೆ ಏನಾಗಿತ್ತೇ ನಿನ್ಗೆ?"

ಅಷ್ಟರಲ್ಲಿ ಇವರು ಸೈಕಲ್ ಮೇಲೆ ಬಂದರು. ಪೇಟ ಇಲ್ಲ, ಕಾಲಲ್ಲಿ ಒಂದೇ ಚಪ್ಪಲಿ. ಜನರ ಮಧ್ಯೆ ನನ್ನ ಕಂಡವರೇ ಸೈಕಲ್ ಅಲ್ಲೇ ಬಿಸಾಡಿ, "ನೀಲಾ!" ಅಂತ ಕೂಗಿದರು. ಮದುವೆಯಾದಾಗಿಂದ ಇವರು ನನ್ನನ್ನ "ಏ", "ಇವಳೇ", "ಇಲ್ನೋಡು" ಅಂತ ಬಿಟ್ಟರೆ ಹೆಸರು ಹಿಡಿದು ಕರೆದದ್ದೇ ಇಲ್ಲ. ಓಣಿ ಮುಂದೆ, ಹೆತ್ತವ್ವನ ಮುಂದೆ ಕರೆದುಬಿಟ್ಟರು. ನಾನು ನಾಚಿಕೆಯಿಂದ ಸೆರಗು ತಲೆ ಮೇಲೆ ಎಳೆದುಕೊಂಡೆ. ಆದರೆ ಇನ್ನೊಂದು ಸಲ ಕರೀಲಿ ಅನ್ನಿಸ್ತು.

ಇವರು ತಂತಿ ಇಸಕೊಂಡು ಓದಿದರು. ಓದಿ ಕಟ್ಟೆ ಮೇಲೆ ಕುಸಿದು ಕೂತು ನಗೋಕೆ ಶುರು ಮಾಡಿದರು. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಕಥೆ ಅಚ್ಚಾಗೈತೆ ಕಣವ್ವ. ಮದ್ರಾಸಿನ ಗೆಳೆಯ ತಂತಿ ಕೊಟ್ಟಿದಾನೆ. ಔಟ್ ಅಂದ್ರೆ ಪತ್ರಿಕೇಲಿ ಹೊರಗೆ ಬಂತು ಅಂತ. ಆ ಉದ್ದನೇ ಪದ ಅಭಿನಂದನೆ."

"ಮತ್ತೆ ಇವಳ ಹೆಸರು ಯಾಕೈತೆ ಅದ್ರಾಗೆ?"

ಇವರು ನೆಲ ನೋಡಿದರು. "ಕಥೆ ಹೆಸರೇ ಅದು."

ಅತ್ತೆ ಸೊಂಟದ ಮೇಲೆ ಕೈ ಇಟ್ಟರು. "ಓಣಿನೆಲ್ಲ ಅಳಿಸೀಯ. ಏನು ಬರ್ದೀಯ ಅಂತ ಈಗ ಕನ್ನಡದಾಗೆ ಹೇಳು. ಹೇಳದೆ ಇವತ್ತು ಒಲೆ ಹಚ್ಚಂಗಿಲ್ಲ."

ತಪ್ಪಿಸಿಕೊಳ್ಳೋ ದಾರಿ ಇರಲಿಲ್ಲ. ಹೇಳಿದರು. ಒಬ್ಬ ಮೇಷ್ಟ್ರು. ಹೆಂಡತಿ ದಿನಾ ಬಿಸಿ ರೊಟ್ಟಿ ಹಾಕ್ತಾಳೆ. ಚೆನ್ನಾಗೈತೆ ಅಂತ ಒಂದು ಮಾತು ಹೇಳಬೇಕು ಅಂತ ಅವನಿಗೆ ದಿನಾ ಆಸೆ. ಆದರೆ ಪಕ್ಕದಲ್ಲೇ ತಾಯಿ ಕೂತಿರ್ತಾಳೆ. ಇಷ್ಟು ವರ್ಷ ರೊಟ್ಟಿ ಹಾಕಿ ಸಾಕಿದ ತಾಯಿ. ಹೆಂಡತೀನ ಹೊಗಳಿದ್ರೆ ತಾಯಿ ಮನಸ್ಸು ನೋಯ್ತದೆ, ಹೊಗಳದಿದ್ರೆ ಹೆಂಡತಿ ಮನಸ್ಸು ನೋಯ್ತದೆ. ಅವನು ಏನೂ ಹೇಳದ ದಾರಿ ಹಿಡೀತಾನೆ. ಹೇಳೋ ಬದಲು ಇನ್ನೊಂದು ರೊಟ್ಟಿ ಹಾಕಿಸಿಕೊಳ್ತಾನೆ. ಹಸಿವು ಇಲ್ಲದ ದಿನಾನೂ ಹಾಕಿಸಿಕೊಳ್ತಾನೆ. ಆ ಪೆದ್ದಿಗೆ ಅದು ಯಾವತ್ತು ತಿಳೀತದೋ ಅಂತ ಕಾಯ್ತಾನೆ. ಅಷ್ಟೇ ಕಥೆ.

ಇವರು ದಿನಾ "ಇನ್ನೊಂದು ಹಾಕು" ಅಂತಿದ್ದದ್ದು ಯಾಕೆ ಅಂತ ನನಗೆ ಆಗ ಗೊತ್ತಾಯ್ತು. ಹೊಟ್ಟೆಬಾಕ ಅಂದುಕೊಂಡಿದ್ದೆನಲ್ಲ! ಜೀವಮಾನದಲ್ಲಿ ಅಷ್ಟು ಸಂತೋಷ ನನಗೆ ಇನ್ಯಾವತ್ತೂ ಆಗಿಲ್ಲ. ಏಜೆಂಟರು ಪಂಚೆ ತುದಿಯಿಂದ ಮೂಗು ಒರೆಸಿಕೊಂಡರು. ಅತ್ತೆ ಎದ್ದು ಒಳಗೆ ಹೋದರು.

ಜನ ಚದುರಿದ ಮೇಲೆ ನಾನು ಮೆಲ್ಲಗೆ ಕೇಳಿದೆ. "ಇಷ್ಟು ಚೆಂದದ್ದನ್ನ ಕನ್ನಡದಾಗೆ ಬರೀಬಹುದಾಗಿತ್ತಲ್ರೀ. ನಾನೇ ಓದ್ಕೊಂತಿದ್ದೆ. ಇಂಗ್ಲಿಷ್ನಾಗೆ ಯಾಕೆ ಬರೆದ್ರಿ?"

ಇವರು ಒಳಗಡೆ ಒಂದು ಸಲ ನೋಡಿ, ಪಿಸುಗುಟ್ಟಿದರು. "ಕನ್ನಡದಾಗೆ ಬರೆದ್ರೆ ನೀನು ಓದೋದು ಕೇಳಿ ಅವ್ವಗೆ ಅರ್ಥ ಆಗಿಬಿಡ್ತಿತ್ತಲ್ಲೇ."

ಅಡುಗೆಮನೆಯಿಂದ ಅತ್ತೆ ಕೂಗಿದರು: "ನಂಗೆ ಅದು ಯಾವಾಗ್ಲೋ ಅರ್ಥ ಆಗೈತೆ ಕಣೋ! ಅರ್ಥ ಆಗದೇ ಇರಾಕೆ ನಾನೇನು ಇಂಗ್ಲಿಷಿನೋಳಾ?"